ಹೌದು ಅನ್ನದ ಐಲಿ

ಪ್ರತಿ ವರ್ಷ ಫೆಬ್ರುವರಿ ಹದಿನಾಲ್ಕು, ವ್ಯಾಲೆಂಟೈನ್ ದಿನದ ಬೆಳಿಗ್ಗೆ, ಸರೋವರದ ದಡದ ಟಮರಾಕ್ ಬೇ ಊರಿನ ಶಾಲೆಗೆ ಬರುವ ಮಕ್ಕಳೆಲ್ಲ ಮೊದಲು ಐಲಿ ರಾಂತಾನೆನ್‌ಳ ಮೇಜನ್ನು ದಾಟಬೇಕಿತ್ತು. ಬಾಗಿಲ ಒಳಗೇ, ಬೂಟಿನ ಹಿಮ ಝಾಡಿಸುವ ಚಾಪೆಯ ಪಕ್ಕದಲ್ಲಿ, ಅವಳು ಆ ಮೇಜು ಹಾಕಿಕೊಂಡು ಕೂರುತ್ತಿದ್ದಳು. ಎಡಗಡೆ ಒಗೆಯುವ ಬಟ್ಟೆ ಹಾಕುವಂಥ ಬುಟ್ಟಿ. ಬಲಗಡೆ ರಟ್ಟಿನ ತಟ್ಟೆ. ಮಕ್ಕಳು ಕೈಗವಸು ಬಿಚ್ಚಿ, ಮೂಗು ಒರೆಸಿಕೊಂಡು, ತರಗತಿಯ ಗೆಳೆಯರಿಗೆಂದು ತಂದ ಉಡುಗೊರೆಯ ಚೀಲವನ್ನು ಅವಳ ಮುಂದೆ ತೆರೆದು ಹಿಡಿಯುತ್ತಿದ್ದವು. ಪಟ್ಟಿಯಲ್ಲಿ ಎಷ್ಟು ಹೆಸರಿದೆಯೋ ಅಷ್ಟು ಉಡುಗೊರೆ ಇರಬೇಕು. ಜಗಳವಾಡಿದವನಿಗೂ ಒಂದು, ಮೂಗು ಸುರಿಸುವವನಿಗೂ ಒಂದು. ಒಬ್ಬರನ್ನೂ ಬಿಡುವಂತಿಲ್ಲ. ಮತ್ತು ಅದರಲ್ಲಿ ತಿನ್ನುವಂಥದ್ದು ಏನೂ ಇರಕೂಡದು.

ಯಾವುದಾದರೂ ಚೀಲದಲ್ಲಿ ಸಿಹಿ ಸಿಕ್ಕಿದರೆ ಅದು ಬುಟ್ಟಿಗೆ ಹೋಗುತ್ತಿತ್ತು. ಆದರೆ ಮಗು ಬರಿಗೈಲಿ ನಿಲ್ಲುತ್ತಿರಲಿಲ್ಲ. ಎಷ್ಟು ಸಿಹಿ ಹೋಯಿತೋ ಅಷ್ಟೇ ಸಂಖ್ಯೆಯ ಆಟಿಕೆ ತಟ್ಟೆಯಿಂದ ಬರುತ್ತಿತ್ತು. ಅವನ್ನು ಐಲಿ ಚಳಿಗಾಲವಿಡೀ ಕೂತು ಮಾಡುತ್ತಿದ್ದಳು: ಕೋಟಿನ ದೊಡ್ಡ ಗುಂಡಿಗೆ ದಾರ ಪೋಣಿಸಿದ ಗುರ್ರೆನ್ನುವ ತಿರುಗಣಿ, ಬರ್ಚ್ ಮರದ ತೊಗಟೆಯ ಪುಟ್ಟ ದೋಣಿ, ಬೆರಳಿಗೆ ಸಿಕ್ಕಿಸುವ ಉಣ್ಣೆಯ ಗೊಂಬೆ, ಸರೋವರದ ದಂಡೆಯಲ್ಲಿ ಆರಿಸಿ ಉಜ್ಜಿ ಉಜ್ಜಿ ಹೊಳಪು ಬರಿಸಿದ ಕೆಂಪು ಗೆರೆಯ ಕಲ್ಲು, ಕಾಗದದಲ್ಲಿ ಮಡಿಸಿದ ಚೆಂಡುಹೂವಿನ ಬೀಜ. ಹಿಮ ಕರಗಿ ಜೂನ್ ಬಂದರೆ ಊರಿನ ಎಷ್ಟೋ ಅಂಗಳಗಳಲ್ಲಿ ಐಲಿಯ ಚೆಂಡುಹೂವು ಅರಳುತ್ತಿತ್ತು.

"ಮುಮ್ಮು, ಇದು ಚಾಕೊಲೇಟ್ ಅಲ್ಲ, ಕೆಮ್ಮಿನ ಔಷಧಿ" ಎಂದು ಒಬ್ಬ ಹೇಳುತ್ತಿದ್ದ. ಊರಿನ ಮಕ್ಕಳೆಲ್ಲ ಅವಳನ್ನು ಕರೆಯುತ್ತಿದ್ದುದು ಮುಮ್ಮು ಎಂದೇ, ಅಂದರೆ ಅಜ್ಜಿ.

"ಪಾಪ, ಇಪ್ಪತ್ನಾಲ್ಕು ಜನಕ್ಕೂ ಕೆಮ್ಮಾ? ನರ್ಸಮ್ಮನ ಹತ್ರ ಇಡೋಣ ಕೊಡು."

ಐಲಿಗೆ ಇನ್ನೊಂದು ಹೆಸರೂ ಇತ್ತು. ಹೌದು ಅನ್ನದ ಐಲಿ. ಶಾಲೆಯ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದರೂ ಅವಳು ಒಂದು ಮಗುವಿಗೂ ಹೌದು ಅಂದವಳಲ್ಲ, ಹೂಂ ಅಂದವಳೂ ಅಲ್ಲ. ಬೇಡ ಅನ್ನುತ್ತಿದ್ದಳು ಎಂದಲ್ಲ. "ನಿಮ್ಮ ಟೀಚರನ್ನ ಕೇಳು" ಅನ್ನುತ್ತಿದ್ದಳು. "ನಿಮ್ಮಮ್ಮನ್ನ ಕೇಳು" ಅನ್ನುತ್ತಿದ್ದಳು. ಅವಳ ಬಾಯಿಂದ ಹೌದು ಹೊರಡಿಸುವುದು ಮಕ್ಕಳಿಗೆ ಒಂದು ಪಂದ್ಯವೇ ಆಗಿತ್ತು.

"ಮುಮ್ಮು, ಇವತ್ತು ಶುಕ್ರವಾರ ತಾನೇ?"

"ಕ್ಯಾಲೆಂಡರ್ ಗೋಡೆ ಮೇಲಿದೆ."

"ಮುಮ್ಮು, ಹಿಮ ಬೀಳ್ತಾ ಇದೆ ಅಲ್ವಾ?"

"ಕಿಟಕೀನ ಕೇಳು."

ಮಕ್ಕಳು ಸೋತು ನಗುತ್ತ ಓಡುತ್ತಿದ್ದವು. ಅವಳೂ ನಗುತ್ತಿದ್ದಳು. ಶಾಲೆಯ ಅಡುಗೆಮನೆಯ ಬರ್ನಿಸ್ ಮಾತ್ರ, "ಮದುವೇಲಿ ಪಾದ್ರಿಗಾದ್ರೂ ಹೌದು ಅಂದಿದ್ಯೇನೆ, ಅಥವಾ ಮದುಮಗ ಆರ್ವೀನ ಕೇಳಿ ಅಂದ್ಯಾ?" ಎಂದು ವರ್ಷಕ್ಕೊಮ್ಮೆಯಾದರೂ ಕೆಣಕುತ್ತಿದ್ದಳು.

ಹದಿನಾಲ್ಕಕ್ಕೆ ಒಂದು ವಾರ ಮೊದಲು ಎಲ್ಲ ತರಗತಿಗಳಲ್ಲೂ ಒಂದು ಕಥೆ ಹೇಳುವ ವಾಡಿಕೆಯಿತ್ತು. ಕಚೇರಿಯ ಗೋಡೆ ತೆಳು. ಮೂರನೆಯ ತರಗತಿ ಪಕ್ಕದಲ್ಲೇ. ಎರಡು ಸಾವಿರದ ಹನ್ನೆರಡರಲ್ಲಿ, ಆ ವರ್ಷ ಹೊಸದಾಗಿ ಬಂದ ಟೀಚರು, ಊರಿನವಳಲ್ಲ, ದನಿ ತಗ್ಗಿಸಿ ಹೇಳುತ್ತಿದ್ದಳು: "ತುಂಬ ಹಿಂದೆ ಈ ಶಾಲೇಲೇ ಒಬ್ಳು ಹುಡುಗಿ ಇದ್ಲು. ಅವಳ ಮೈಗೆ ಕಡಲೆಕಾಯಿ ಆಗ್ತಿರ್ಲಿಲ್ಲ. ಯಾರು ಏನೇ ಕೊಟ್ರೂ ಅಮ್ಮನ್ನ ಕೇಳಿ ತಿನ್ನು ಅಂತ ಅವಳಿಗೆ ಹೇಳಿಕೊಟ್ಟಿದ್ರು. ವ್ಯಾಲೆಂಟೈನ್ ದಿನ ಅವಳು ಕೇಳ್ಲಿಲ್ಲ. ಯಾರನ್ನೂ ಕೇಳದೆ ಒಂದೇ ಒಂದು ಸಿಹಿ ತಿಂದ್ಲು."

ಐಲಿಯ ಬೆರಳು ಟೈಪು ಮಾಡುತ್ತಿದ್ದ ಕಡೆಯೇ ನಿಂತಿತು. ಬರ್ನಿಸ್ ಬಂದು ಕಚೇರಿಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು. ಆ ಹುಡುಗಿಯ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ಅವಳು ಐಲಿಯ ಮಗಳು ಕಾರಿನ್ ಎಂದು ಊರಿನ ಹಿರಿಯರಿಗೆಲ್ಲ ಗೊತ್ತಿತ್ತು.

ಆ ಕಥೆಯಲ್ಲಿ ಒಂದು ಮಾತು ಸುಳ್ಳಾಗಿತ್ತು. ಅದು ಐಲಿಗೆ ಮಾತ್ರ ಗೊತ್ತಿತ್ತು, ಏಕೆಂದರೆ ಹೇಳಿದವಳು ಅವಳೇ.

ಕಾರಿನ್ ಕೇಳಿದ್ದಳು.

ಸಾವಿರದ ಒಂಬೈನೂರ ಎಂಬತ್ತರ ಆ ಗುರುವಾರದ ಸಂಜೆ ನಾಲ್ಕು ಗಂಟೆಗೆ ಐಲಿ ಅಡುಗೆಮನೆಯಲ್ಲಿ ಏಲಕ್ಕಿ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದಳು. ಎಂಟು ವರ್ಷದ ಕಾರಿನ್ ಶಾಲೆಯಿಂದ ತಂದ ಶೂ ಡಬ್ಬವನ್ನು ಮೇಜಿನ ಮೇಲೆ ಸುರಿದಳು. ಕೆಂಪು ಕಾಗದ ಅಂಟಿಸಿ, ಮೇಲೆ ಅಂಚೆಪೆಟ್ಟಿಗೆಯಂಥ ಸೀಳು ಕೊಯ್ದ ಡಬ್ಬ. ಇಪ್ಪತ್ತಮೂರು ಮಕ್ಕಳ ಉಡುಗೊರೆಗಳು. ಅದರಲ್ಲಿ ಒಂದು ಪುಟ್ಟ ತಗಡಿನ ಡಬ್ಬಿ, ಮುಚ್ಚಳದ ಮೇಲೆ ಹಸಿರು ಎಲೆ, 'ಪುದೀನ ಬಿಲ್ಲೆ' ಎಂಬ ಅಕ್ಷರ. ಕಾರಿನ್ ಅದನ್ನು ಎತ್ತಿ ಹಿಡಿದು ಕೇಳಿದಳು: "ಅಮ್ಮಾ, ತಿನ್ನಬಹುದಾ?"

ಐಲಿಯ ಕೈಯೆಲ್ಲ ಹಿಟ್ಟು. ಅವಳು ಬಗ್ಗಿ ಮುಚ್ಚಳ ಓದಿದಳು. ಡಬ್ಬಿ ತೆರೆದು ನೋಡಲಿಲ್ಲ.

"ಪುದೀನ ತಾನೇ. ಹೂಂ, ತಿನ್ನು."

ಆ ಊರಿನಲ್ಲಿ ಯಾರೂ ಡಬ್ಬಿ ಎಸೆಯುವವರಲ್ಲ. ಬೆಣ್ಣೆಯ ಡಬ್ಬಿಯಲ್ಲಿ ಮೊಳೆ, ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿದಾರ, ಕಾಫಿ ಡಬ್ಬಿಯಲ್ಲಿ ಮೀನಿನ ಗಾಳ. ಐಲಿಯ ಮನೆಯಲ್ಲೂ ಹಾಗೆಯೇ. ಮುಚ್ಚಳದ ಮೇಲೆ ಬರೆದದ್ದು ಒಳಗೆ ಇರುವುದಿಲ್ಲ ಎಂಬುದು ತೊಟ್ಟಿಲ ಕೂಸಿಗೂ ಗೊತ್ತಿದ್ದ ಊರು ಅದು. ಅಂಥ ಊರಲ್ಲಿ ಹುಟ್ಟಿ ಬೆಳೆದವಳು ಆ ಒಂದು ಸಂಜೆ ಮುಚ್ಚಳ ಓದಿ ನಂಬಿದಳು. ಒಳಗಿದ್ದುದು ಪುದೀನ ಅಲ್ಲ. ಮನೆಯಲ್ಲೇ ಮಾಡಿದ ಚಾಕೊಲೇಟ್ ಉಂಡೆ, ನಡುವೆ ಅರೆದ ಕಡಲೆಕಾಯಿ. ಡಬ್ಬಿಗೆ ಕಟ್ಟಿದ್ದ ಚೀಟಿಯಲ್ಲಿ, 'ಕಾರಿನ್‌ಗೆ, ಡಾರ್ಲಾಳಿಂದ' ಎಂದು ದುಂಡಕ್ಷರದಲ್ಲಿ ಬರೆದಿತ್ತು. ಡಾರ್ಲಾಳ ಅಪ್ಪ ತಂಬಾಕು ಬಿಟ್ಟು ಪುದೀನ ಬಿಲ್ಲೆ ಹಿಡಿದಿದ್ದ. ಅವಳ ಅಮ್ಮ ಎಲ್ಮಾ ಆ ಖಾಲಿ ಡಬ್ಬಿಗಳನ್ನು ವರ್ಷವಿಡೀ ಕೂಡಿಟ್ಟಿದ್ದಳು.

ಆಸ್ಪತ್ರೆ ನಲವತ್ತು ಮೈಲಿ ದೂರದಲ್ಲಿತ್ತು, ದಾರಿಯ ತುಂಬ ಹಿಮ. ಅರ್ಧ ದಾರಿಯಲ್ಲೇ ಮಗುವಿನ ಉಸಿರು ನಿಂತಿತು.

ಮೀನಿನ ದೋಣಿಗಳ ಶೆಡ್ಡಿನಲ್ಲಿದ್ದ ಗಂಡ ಆರ್ವಿ ಆಸ್ಪತ್ರೆಗೆ ಬಂದು ಎರಡೇ ಮಾತು ಕೇಳಿದ. "ಯಾರು ಕೊಟ್ಟಿದ್ದು?"

"ಚೀಟಿ ಇರ್ಲಿಲ್ಲ" ಎಂದಳು ಐಲಿ. ಚೀಟಿ ಅವಳ ಏಪ್ರನ್ನಿನ ಜೇಬಿನಲ್ಲಿತ್ತು. ಅದನ್ನು ತೋರಿಸಿದರೆ ಡಬ್ಬಿ ಕೇಳುತ್ತಾರೆ, ಡಬ್ಬಿ ತೋರಿಸಿದರೆ ಮುಚ್ಚಳ ಓದಿದವರು ಯಾರೆಂದು ಕೇಳುತ್ತಾರೆ.

"ಕೇಳದೇ ತಿಂದ್ಲಾ?"

ಐಲಿ ಏಪ್ರನ್ನಿನ ಜೇಬಿನ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ, "ಕೇಳ್ಲಿಲ್ಲ" ಅಂದಳು.

ಆರ್ವಿ ಗೋಡೆಗೆ ಹಣೆ ಹಚ್ಚಿ, "ಎಷ್ಟು ಸಲ ಹೇಳಿದ್ವಿ ಮಗೂಗೆ, ಎಷ್ಟು ಸಲ" ಎಂದು ಹೇಳುತ್ತಲೇ ಇದ್ದ. ಸತ್ತ ಮಗಳ ಮೇಲೆ ಅವನಿಗೆ ಸಿಟ್ಟು ಬಂದಿತ್ತು. ಆ ಸಿಟ್ಟು ಅವನು ಬದುಕಿದಷ್ಟು ಕಾಲವೂ ಪೂರ್ತಿ ಹೋಗಲಿಲ್ಲ. ಇನ್ನು ಉಳಿದ ಸಿಟ್ಟನ್ನು ಇಪ್ಪತ್ತಮೂರು ಮನೆಗಳಿಗೆ ಹಂಚಿದ್ದ. ಚರ್ಚಿನಲ್ಲಿ ಅವನು ಯಾರ ಕೈಯನ್ನೂ ಕುಲುಕುತ್ತಿರಲಿಲ್ಲ. ಹದಿನಾಲ್ಕು ವರ್ಷ ಹಾಗೇ ಇದ್ದು ತೀರಿಕೊಂಡ.

ಮಣ್ಣಾದ ದಿನ ಎಲ್ಮಾ ಬಂದಿದ್ದಳು. ಆ ವರ್ಷ ಮೂರು ಮನೆಗಳಲ್ಲಿ ಕಡಲೆಕಾಯಿ ಹಾಕಿ ಸಿಹಿ ಮಾಡಿದ್ದರು. ಮೂರರಲ್ಲಿ ಒಂದು ತನ್ನದು ಎಂದು ಗೊತ್ತಿದ್ದರಿಂದ ಎಲ್ಮಾಳ ತುಟಿ ಬಿಳಿಚಿತ್ತು. "ನಂದಾ ಐಲಿ? ನಂದಾದ್ರೆ ಹೇಳ್ಬಿಡು."

"ಚೀಟಿ ಇರ್ಲಿಲ್ಲ ಎಲ್ಮಾ."

ಎಲ್ಮಾ ಅವಳ ಕೈ ಹಿಡಿದು ಅತ್ತಳು. ಊರಿನವರು ಐಲಿಯನ್ನು ದೊಡ್ಡ ಮನಸ್ಸಿನವಳು ಅಂದರು. ಚೀಟಿ ಇದ್ದರೂ ಅವಳು ಹೆಸರು ಹೇಳುವವಳಲ್ಲ, ಅಷ್ಟು ಒಳ್ಳೆಯವಳು ಅಂದರು. ಮೂರು ವರ್ಷದ ನಂತರ ಶಾಲೆಯ ಕಚೇರಿಗೆ ಅವಳನ್ನು ಕರೆದು ಕೆಲಸ ಕೊಟ್ಟರು. ಸಿಹಿ ಬೇಡ ಎಂಬ ನಿಯಮ ಮಾಡಿಸಿದ್ದು ಅವಳೇ, ಮೇಜು ಹಾಕಿದ್ದೂ ಅವಳೇ. ಆಗಿನ ಹೆಡ್‌ಮಾಸ್ಟರರು ಮಕ್ಕಳಿಗೆ ಬುದ್ಧಿ ಬರಲೆಂದು ಆ ಕಥೆಯನ್ನು ಶುರು ಮಾಡಿದಾಗ ಅವರು ಐಲಿಯ ಅಪ್ಪಣೆ ಕೇಳಿದ್ದರು. ಅವಳು ತಲೆ ಆಡಿಸಿದ್ದಳು.

ಹಾಗೆ ಪ್ರತಿ ಫೆಬ್ರುವರಿಯಲ್ಲೂ ಕಾರಿನ್ ಗೋಡೆಯ ಆಚೆ ಮತ್ತೊಮ್ಮೆ ಕೇಳದೆ ತಿನ್ನುತ್ತಿದ್ದಳು.

ಮತ್ತು ಪ್ರತಿ ಫೆಬ್ರುವರಿಯಲ್ಲೂ ಮನೆಗೆ ಬರುತ್ತಿದ್ದಳು. ಐಲಿ ಅದನ್ನು ಯಾರಿಗೂ ಹೇಳಿರಲಿಲ್ಲ. ಸರೋವರ ದಡದಿಂದ ದೂರದವರೆಗೆ ಹೆಪ್ಪುಗಟ್ಟಿ, ಮಧ್ಯಾಹ್ನದ ಬಿಸಿಲಿಗೆ ಮಂಜುಗಡ್ಡೆ ಹಿಗ್ಗಿ ಒಳಗೊಳಗೇ ನರಳುವ ದಿನಗಳವು. ಆ ನರಳಿಕೆಯ ನಡುವೆ ಅಡುಗೆಮನೆಯಲ್ಲಿ ಕುರ್ಚಿ ಎಳೆದ ಸದ್ದು. ಮೇಜಿನ ಮೇಲೆ ಕಾಗದ ಸರಿದ ಸದ್ದು. ಮೊದಮೊದಲು, "ಅಮ್ಮಾ, ತಿನ್ನಬಹುದಾ?" ಎಂಬ ದನಿ. ಆರ್ವಿ ಸತ್ತ ಮೇಲೆ ಅದು ಬದಲಾಗಿತ್ತು: "ನಾನು ಕೇಳಿದ್ನಲ್ಲಮ್ಮಾ?" ಸಿಟ್ಟಿಲ್ಲ ಆ ದನಿಯಲ್ಲಿ. ಲೆಕ್ಕ ತಪ್ಪಿದೆಯೋ ಏನೋ ಎಂದು ಟೀಚರನ್ನು ಕೇಳುವ ಮಗುವಿನ ಅನುಮಾನ ಮಾತ್ರ. ಐಲಿ ತಿರುಗಿ ನೋಡುತ್ತಿರಲಿಲ್ಲ. ದಾರಕ್ಕೆ ಗುಂಡಿ ಪೋಣಿಸುತ್ತಿದ್ದಳು. ಪಟ್ಟಿಗಿಂತ ಒಂದು ಹೆಚ್ಚು ಮಾಡಿ, ಆ ಹೆಚ್ಚಿನದನ್ನು ಕೆಂಪು ಶೂ ಡಬ್ಬದ ಸೀಳಿನೊಳಗೆ ಹಾಕುತ್ತಿದ್ದಳು. ಶಾಲೆಗೆ ಸೇರುವ ಮೊದಲಿನ ವರ್ಷಗಳಲ್ಲೂ ಒಂದೊಂದು ಮಾಡಿ ಹಾಕಿದ್ದಳು, ಒಟ್ಟು ಮೂವತ್ತೊಂದು ಸೇರಿದ್ದವು. ಅವುಗಳ ಕೆಳಗೆ ಪುದೀನದ ಡಬ್ಬಿ, ಅದರೊಳಗೆ ಚೀಟಿ.

ಅದೇ ಎರಡು ಸಾವಿರದ ಹನ್ನೆರಡರ ಜನವರಿಯಲ್ಲಿ ಡಾರ್ಲಾ ಊರಿಗೆ ಮರಳಿದಳು. ಗಂಡನಿಂದ ಬೇರೆಯಾಗಿದ್ದಳು. ಎಲ್ಮಾ ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡು ಮನೆ ಖಾಲಿಯಿತ್ತು. ಎಂಟು ವರ್ಷದ ಮಗಳು ಟೆಸ್ಸಳನ್ನು ಮೂರನೆಯ ತರಗತಿಗೆ ಸೇರಿಸಲು ಬಂದಾಗ ಅರ್ಜಿ ತೆಗೆದುಕೊಂಡವಳು ಐಲಿಯೇ. ಇಬ್ಬರೂ ಹಿಮದ ಬಗ್ಗೆ ಮಾತಾಡಿದರು. ಪಟ್ಟಿಯಲ್ಲಿ ಟೆಸ್ಸಳ ಹೆಸರು ಟೈಪು ಮಾಡುವಾಗ ಐಲಿ ಎರಡು ಸಲ ತಪ್ಪಿದಳು.

ಹದಿಮೂರನೆಯ ತಾರೀಕು ಸಂಜೆ ಡಾರ್ಲಾ ಐಲಿಯ ಮನೆಯ ಬಾಗಿಲು ತಟ್ಟಿದಳು. ಬೂಟು ಬಿಚ್ಚಿ ಒಳಗೆ ಬಂದಳು. ಐಲಿ ಕಾಫಿಗೆ ಇಟ್ಟು ಏಲಕ್ಕಿ ಬ್ರೆಡ್ಡು ಕೊಯ್ದಳು.

"ನಾಳೆ ಟೆಸ್ಸನ್ನ ಶಾಲೆಗೆ ಕಳಿಸಲ್ಲ. ಅದನ್ನ ಹೇಳಿ ಹೋಗೋಣ ಅಂತ ಬಂದೆ."

"ಜ್ವರಾನಾ?"

"ಜ್ವರ ನಂಗೆ." ಡಾರ್ಲಾ ನಕ್ಕಳು. ಆ ನಗು ಮುಖದಲ್ಲಿ ನಿಲ್ಲಲಿಲ್ಲ. "ಹೋದ ವಾರ ಟೀಚರು ಅದೇನೋ ಕಥೆ ಹೇಳಿದ್ರಂತೆ. ಟೆಸ್ ಮನೆಗೆ ಬಂದು, ಅಮ್ಮಾ, ಆ ಹುಡುಗಿಗೆ ಸಿಹಿ ಕೊಟ್ಟೋರು ಯಾರು ಅಂತ ಕೇಳಿದ್ಲು. ಅವತ್ತಿಂದ ಒಂದು ತುತ್ತೂ ಒಳಗೆ ಹೋಗಿಲ್ಲ ನಂಗೆ. ಅವಳು ಇಪ್ಪತ್ನಾಲ್ಕು ಉಡುಗೊರೆ ಮಾಡಿಟ್ಕೊಂಡಿದಾಳೆ. ಕಲ್ಲಿನ ಮೇಲೆ ಹಕ್ಕಿ ಬರೆದು. ಅದನ್ನ ನೋಡೋಕಾಗಲ್ಲ ನಂಗೆ."

ಐಲಿ ಬಟ್ಟಲು ಅವಳ ಮುಂದೆ ಸರಿಸಿದಳು. ಡಾರ್ಲಾ ಮುಟ್ಟಲಿಲ್ಲ.

"ನಮ್ಮಮ್ಮ ಆಮೇಲೆ ಆ ಒಲೇಲಿ ಸಿಹಿ ಅಂತ ಒಂದೂ ಮಾಡ್ಲಿಲ್ಲ. ನನ್ನ ಮದುವೆಗೂ ಅಂಗಡೀದೇ. ಸಾಯೋ ಮುಂಚೆ ಒಂದು ಮಾತು ಹೇಳಿದ್ಲು. ಐಲಿ ದೊಡ್ಡವಳು, ನನ್ನ ಮುಖ ನೋಡಿ ಚೀಟಿ ಇರ್ಲಿಲ್ಲ ಅಂದ್ಲು, ಆದ್ರೆ ಅದು ನಮ್ಮದೇ ಅಂತ. ಅವಳಿಗೆ ಹ್ಯಾಗೋ ಗೊತ್ತಿತ್ತು. ನಾನು ಇಷ್ಟೇ ಕೇಳೋದು. ನಂದಾ? ಮೂವತ್ತೆರಡು ವರ್ಷ ಆಯ್ತು. ಈಗಲಾದ್ರೂ ಹೇಳಿ. ಚೀಟಿ ಇರ್ಲಿಲ್ಲ ಅಂತ ಮಾತ್ರ ಹೇಳ್ಬೇಡಿ."

ಹೊರಗೆ ಸರೋವರ ಒಮ್ಮೆ ನರಳಿತು. ಮೇಜಿನ ಆಚೆಯ ಮೂರನೆಯ ಕುರ್ಚಿ ತುಸು ಸರಿದಿರುವಂತೆ ಐಲಿಗೆ ಕಂಡಿತು. ಯಾವಾಗಲೂ ಗೋಡೆಗೆ ಒತ್ತಿ ಇರುವ ಕುರ್ಚಿ. ತಾನೇ ಸರಿಸಿದ್ದೆನೋ ಏನೋ.

ಇಲ್ಲ ಎಂದು ಹೇಳಬಹುದಿತ್ತು. ನಿನ್ನದಲ್ಲ, ಬೇರೆ ಮನೆಯದು, ಚೀಟಿ ನೋಡಿದ್ದೆ. ಡಾರ್ಲಾ ಅತ್ತು, ಹಗುರವಾಗಿ, ಕಾಫಿ ಕುಡಿದು ಹೋಗುತ್ತಿದ್ದಳು. ಊರು ಐಲಿಯನ್ನು ದೊಡ್ಡವಳು ಅಂದುಕೊಂಡೇ ಇರುತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ ಆ ಕುರ್ಚಿಯ ಕಡೆಯಿಂದ ಕೇಳಿತು: ನಾನು ಕೇಳಿದ್ನಲ್ಲಮ್ಮಾ?

ಐಲಿ ಎದ್ದು ಬೀರುವಿನ ಮೇಲಿಂದ ಕೆಂಪು ಡಬ್ಬ ಇಳಿಸಿದಳು. ಕಾಗದದ ಬಣ್ಣ ಮಾಸಿ ಇಟ್ಟಿಗೆಯಂತಾಗಿತ್ತು. ಮೂವತ್ತೊಂದು ಗುಂಡಿ, ದೋಣಿ, ಗೊಂಬೆ, ಕಲ್ಲುಗಳನ್ನು ಒಂದೊಂದಾಗಿ ತೆಗೆದಿಟ್ಟು ಕೊನೆಗೆ ತಗಡಿನ ಡಬ್ಬಿಯನ್ನು ಡಾರ್ಲಾಳ ಮುಂದೆ ಇಟ್ಟಳು.

ಡಾರ್ಲಾ ಚೀಟಿ ಓದಿದಳು. ತನ್ನ ಎಂಟನೆಯ ವರ್ಷದ ಅಕ್ಷರವನ್ನು ಬಹಳ ಹೊತ್ತು ನೋಡಿದಳು.

"ನಂದೇ."

"ಚೀಟಿ ನಿಂದು. ಆ ಮುಚ್ಚಳ ಓದು."

"ಪುದೀನ..." ಡಾರ್ಲಾ ತಲೆ ಎತ್ತಿದಳು. "ಅಪ್ಪನ ಡಬ್ಬಿ."

"ಕಾರಿನ್ ಇದನ್ನ ಹಿಡ್ಕೊಂಡು ಇದೇ ಜಾಗದಲ್ಲಿ ನಿಂತು ನನ್ನ ಕೇಳಿದ್ಲು. ನನ್ನ ಕೈ ಹಿಟ್ಟಾಗಿತ್ತು. ಮುಚ್ಚಳ ಓದಿ ಹೂಂ ತಿನ್ನು ಅಂದೆ. ತೆಗೆದು ನೋಡ್ಲಿಲ್ಲ. ಅವಳು ಕೇಳಿದ್ಲು ಡಾರ್ಲಾ. ಕೇಳ್ಲಿಲ್ಲ ಅಂತ ನಾನು ಎಲ್ಲರಿಗೂ ಹೇಳಿದೆ. ಅವಳಪ್ಪನಿಗೂ ಹೇಳಿದೆ."

ಕಾಫಿಯ ಮೇಲೆ ಕೆನೆ ಕಟ್ಟಿತು.

"ಅಂದ್ರೆ ನಮ್ಮನ್ನ ಉಳಿಸೋಕೆ ಅಲ್ಲ" ಎಂದಳು ಡಾರ್ಲಾ ನಿಧಾನವಾಗಿ. "ನಿಮ್ಮನ್ನ ಉಳಿಸ್ಕೊಳ್ಳೋಕೆ."

"ನನ್ನನ್ನೇ."

"ನಮ್ಮಮ್ಮ ನಿಮ್ಮ ಹೆಸರು ಹೇಳ್ಕೊಂಡು ಪ್ರಾರ್ಥನೆ ಮಾಡ್ತಿದ್ಲು. ದಿನಾ. ಕ್ಷಮಿಸಿದ್ದಕ್ಕೆ."

ಡಾರ್ಲಾ ಚೀಟಿಯನ್ನು ಡಬ್ಬಿಯೊಳಗೆ ಹಾಕಿ, ಮುಚ್ಚಳ ಒತ್ತಿ, ತನ್ನ ಕೋಟಿನ ಜೇಬಿಗೆ ಇಟ್ಟುಕೊಂಡಳು. ಕೇಳಲಿಲ್ಲ. ಬೂಟು ಹಾಕಿಕೊಳ್ಳುವಾಗ ಬೆನ್ನು ಮಾತ್ರ ಕಾಣುತ್ತಿತ್ತು. ಆ ಊರಿನಲ್ಲಿ ಕಾಫಿ ಕುಡಿಯದೆ ಎದ್ದು ಹೋದರೆ ಆ ಮನೆಗೆ ಮತ್ತೆ ಬರುವುದಿಲ್ಲ ಎಂದು ಅರ್ಥ. ಅವಳ ಬಟ್ಟಲು ತುಂಬಿದ್ದು ಹಾಗೇ ಇತ್ತು.

ಮರುದಿನ ಬೆಳಿಗ್ಗೆ ಗಾಳಿಗೆ ಹಿಮ ಅಡ್ಡಡ್ಡ ಬೀಳುತ್ತಿತ್ತು. ಐಲಿ ಎಂದಿನಂತೆ ಮೇಜು ಹಾಕಿದಳು. ಈ ವರ್ಷದ ಹೆಚ್ಚಿನ ತಿರುಗಣಿ, ನೀಲಿ ಗುಂಡಿಯದು, ಡಬ್ಬದ ಸೀಳಿಗೆ ಹಾಕಲು ಮನಸ್ಸಾಗದೆ ಜೇಬಿನಲ್ಲಿ ತಂದಿದ್ದಳು. ಅದನ್ನು ತಟ್ಟೆಯ ಪಕ್ಕದಲ್ಲಿ ಇಟ್ಟಳು.

"ನಿದ್ದೆ ಮಾಡಿಲ್ಲ ನೀನು" ಎಂದಳು ಬರ್ನಿಸ್, ಬುಟ್ಟಿ ತಂದಿಡುತ್ತ. "ಮುಖ ಹಳೇ ಆಲೂಗಡ್ಡೆ ಥರ ಆಗಿದೆ."

"ನಿನ್ನ ಮುಖ ಯಾವಾಗ್ಲೂ ಹಾಗೇ ಇರತ್ತಲ್ಲ, ನಾನೇನಾದ್ರೂ ಅಂದ್ನಾ?"

ಗಂಟೆ ಹೊಡೆಯಲು ಐದು ನಿಮಿಷ ಇರುವಾಗ ಡಾರ್ಲಾಳ ಹಳೆಯ ಟ್ರಕ್ಕು ಬಂದು ನಿಂತಿತು. ಅವಳು ಟೆಸ್ಸಳನ್ನು ಚಾಪೆಯವರೆಗೆ ತಂದು ಬಿಟ್ಟಳು. ಐಲಿಯ ಮುಖ ನೋಡದೆ ಬರ್ನಿಸ್‌ಗೆ ಹೇಳುವಂತೆ ಹೇಳಿದಳು: "ಇವಳಿಗೆ ಯಾವ ಅಲರ್ಜೀನೂ ಇಲ್ಲ. ಆದ್ರೂ ನೋಡ್ಕೊಳ್ಳಿ." ಹಾಗೆಯೇ ತಿರುಗಿ ಹಿಮದಲ್ಲಿ ಇಳಿದಳು. ಟ್ರಕ್ಕು ಮಾತ್ರ ಹೊರಡಲಿಲ್ಲ. ಗಾಜು ಒರೆಸುವ ಕಡ್ಡಿಗಳು ಆಡುತ್ತಲೇ ಇದ್ದವು.

ಟೆಸ್ ಚೀಲ ತೆರೆದಳು. ಇಪ್ಪತ್ತನಾಲ್ಕು ಕಲ್ಲು, ಒಂದೊಂದರ ಮೇಲೂ ಒಂದು ಹಕ್ಕಿ. ಕೆಲವು ಕೋಳಿಯಂತಿದ್ದವು.

"ತಿನ್ನೋಕಾಗಲ್ಲ" ಎಂದಳು ಟೆಸ್ ಗಂಭೀರವಾಗಿ. "ಹಲ್ಲು ಮುರಿಯತ್ತೆ. ಆ ಹುಡುಗಿಗೆ ಇಂಥದ್ದು ಕೊಟ್ಟಿದ್ರೆ ಏನೂ ಆಗ್ತಿರ್ಲಿಲ್ಲ. ಕೇಳದೇ ತಿಂದ್ಲಂತಲ್ಲ, ಆ ಹುಡುಗಿಗೆ."

ಅವಳ ಹಿಂದೆ ಸಾಲಿನಲ್ಲಿ ಏಳೆಂಟು ಮಕ್ಕಳಿದ್ದವು. ಹೊಸ ಟೀಚರು ಬಾಗಿಲಲ್ಲಿ ನಿಂತು ಯಾರದೋ ಟೋಪಿಯ ಗಂಟು ಬಿಚ್ಚುತ್ತಿದ್ದಳು. ಬರ್ನಿಸ್ ಬುಟ್ಟಿಯ ಬಳಿ ಇದ್ದಳು.

"ಅವಳ ಹೆಸರು ಕಾರಿನ್" ಎಂದಳು ಐಲಿ. ದನಿ ತನ್ನದಲ್ಲವೆಂಬಂತೆ ದೊಡ್ಡದಾಗಿ ಬಂತು. "ನನ್ನ ಮಗಳು. ಅವಳು ಕೇಳಿದ್ಲು. ನಾನೇ ತಿನ್ನು ಅಂದೆ. ತಪ್ಪು ನಂದು, ಅವಳದ್ದಲ್ಲ."

ಟೋಪಿಯ ಗಂಟಿನ ಮೇಲೆ ಟೀಚರಿನ ಕೈ ನಿಂತಿತು. ಬರ್ನಿಸ್ ಬುಟ್ಟಿಯ ಹಿಡಿಯನ್ನು ನೋಡುತ್ತ ನಿಂತಳು. ಮಕ್ಕಳು ಐಲಿಯನ್ನೇ ದಿಟ್ಟಿಸಿದವು. ಮುಂದೆ ಏನು ಬರುತ್ತದೆ ಎಂದು ಅವಳಿಗೂ ತಿಳಿಯಲಿಲ್ಲ. ಮಧ್ಯಾಹ್ನದೊಳಗೆ ಈ ಮಾತು ಅಂಗಡಿ, ಚರ್ಚು, ದೋಣಿ ಶೆಡ್ಡು ಎಲ್ಲ ಮುಟ್ಟುತ್ತದೆ ಎಂಬುದಷ್ಟೇ ಗೊತ್ತಿತ್ತು.

ಟೆಸ್ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಅವಳ ಕಣ್ಣು ತಟ್ಟೆಯ ಪಕ್ಕದ ನೀಲಿ ಗುಂಡಿಯ ಮೇಲೆ ಬಿತ್ತು.

"ಇದು ಯಾರದು?"

"ಅದೊಂದು ಹೆಚ್ಚಾಗಿತ್ತು."

"ನಾನು ತಗೋಬಹುದಾ?"

ಹಿಂದಿನ ಸಾಲಿನಲ್ಲಿ ಒಬ್ಬ ಪಿಸುಗುಟ್ಟಿದ, "ಟೀಚರನ್ನ ಕೇಳು ಅಂತಾಳೆ ನೋಡು."

ಐಲಿ ಗುಂಡಿಯನ್ನು ಎತ್ತಿಕೊಂಡಳು. ತಿರುಗಿಸಿ ಹಿಂದೆ ನೋಡಿದಳು, ಮುಂದೆ ನೋಡಿದಳು, ದಾರದ ಗಂಟನ್ನು ಎಳೆದು ನೋಡಿದಳು, ಅಂಚಿನಲ್ಲಿ ಹೆಬ್ಬೆರಳು ಆಡಿಸಿದಳು. ಮಗು ಕಾಯುತ್ತಿತ್ತು.

"ಹೂಂ" ಎಂದಳು. "ತಗೋ."

ಯಾರೂ ಗೆದ್ದೆವೆಂದು ಕೂಗಲಿಲ್ಲ. ಟೆಸ್ ದಾರಕ್ಕೆ ಎರಡೂ ಕೈಯ ಬೆರಳು ಸಿಕ್ಕಿಸಿ, ಸುತ್ತಿ, ಎಳೆದಳು. ಗುಂಡಿ ಗುರ್ರೆಂದಿತು. ಅದೇ ಸದ್ದು ಮಾಡುತ್ತ ಅವಳು ಮೂರನೆಯ ತರಗತಿಗೆ ನಡೆದಳು.

ಸಾಲು ಮುಗಿದ ಮೇಲೂ ಐಲಿ ಕಚೇರಿಗೆ ಹೋಗಲಿಲ್ಲ. ಮೂರನೆಯ ತರಗತಿಯ ಬಾಗಿಲ ಗಾಜಿನ ಹೊರಗೆ ನಿಂತಳು. ಒಳಗೆ ಮಕ್ಕಳು ಡಬ್ಬಗಳ ಸೀಳಿನೊಳಗೆ ಕಲ್ಲು, ಪೆನ್ಸಿಲ್ಲು, ಕಾಗದದ ವಿಮಾನ ಹಾಕುತ್ತಿದ್ದವು. ಟೆಸ್ಸಳ ಎದೆ ಮೇಲೇರಿ ಇಳಿಯುವುದನ್ನು ಐಲಿ ನೋಡುತ್ತಿದ್ದಳು. ಏರಿತು, ಇಳಿಯಿತು. ಮತ್ತೆ ಏರಿತು. ಹೊರಗೆ ಟ್ರಕ್ಕಿನ ಎಂಜಿನ್ನು ಇನ್ನೂ ಓಡುತ್ತಿತ್ತು. ಬೆನ್ನ ಹಿಂದೆ ಯಾರೋ ತನ್ನ ಸ್ವೆಟರಿನ ಅಂಚು ಹಿಡಿದು, ತಾನೂ ಗಾಜಿನೊಳಗೆ ನೋಡಲು ತುದಿಗಾಲಲ್ಲಿ ನಿಂತಂತೆ ಅವಳಿಗೆ ಅನ್ನಿಸಿತು. ಅವಳು ತಿರುಗಲಿಲ್ಲ. ಇನ್ನೊಬ್ಬರಿಗೆ ಜಾಗವಾಗುವಷ್ಟು ಪಕ್ಕಕ್ಕೆ ಸರಿದು ನಿಂತಳು.